ಮನೆಯ ಕಾರು, ಒಬ್ಬರ ಹೆಸರು

ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗುವಾಗ, ಹಿಂದೆ ಎತ್ತಿನ ಗಾಡಿ ನಿಲ್ಲುತ್ತಿದ್ದ ಅಂಗಳಗಳಲ್ಲಿ ಈಗ ಕಾರು ನಿಂತಿರುವುದು ಅಪರೂಪದ ನೋಟವಲ್ಲ. ಅದು ಯಾರದೆಂದು ಕೇಳಿದರೆ "ಮನೆಯದು" ಎಂಬ ಉತ್ತರ ಬರುತ್ತದೆ. ಹಿರಿಯ ಮಗ ಅದರಲ್ಲಿ ಅಡಿಕೆಯ ವ್ಯವಹಾರಕ್ಕೆ ಶಿವಮೊಗ್ಗಕ್ಕೆ ಹೋಗುತ್ತಾನೆ. ಸೊಸೆ ಮಕ್ಕಳನ್ನು ಶಾಲೆಯಿಂದ ಕರೆತರುತ್ತಾಳೆ. ಚಂದ್ರಗುತ್ತಿಯ ಜಾತ್ರೆಗೆ ಹೊರಟರೆ ಅಳಿಯ ಚಕ್ರ ಹಿಡಿಯುತ್ತಾನೆ. ನಮ್ಮ ಕೂಡುಬಾಳಿಗೆ ಇದು ಸಹಜವೇ. ಆದರೆ ವಿಮೆಯ ಕಾಗದಕ್ಕೆ "ಮನೆ" ಎಂಬ ವ್ಯಕ್ತಿಯ ಪರಿಚಯವಿಲ್ಲ. ಅದರಲ್ಲಿರುವುದು ಒಂದೇ ಹೆಸರು. ಆ ಒಂದು ಹೆಸರಿಗೂ ಚಕ್ರ ಹಿಡಿಯುವ ಹಲವು ಕೈಗಳಿಗೂ ಇರುವ ಸಂಬಂಧವನ್ನು ಈ ಹೊತ್ತು ತುಸು ವಿಚಾರ ಮಾಡೋಣ.

ಅಮೆರಿಕದಲ್ಲಿ ಕಾರಿಗೆ ವಿಮೆ ಮಾಡಿಸಹೊರಟವನನ್ನು, ಮನೆಯಲ್ಲಿ ವಾಹನ ನಡೆಸುವ ವಯಸ್ಸಿನವರು ಯಾರು ಯಾರಿದ್ದಾರೆಂದು ಸಾಮಾನ್ಯವಾಗಿ ಕೇಳುತ್ತಾರೆ. ಹದಿಹರೆಯದ ಮಗನ ಹೆಸರು ಬರೆದರೆ ಕಂತು ಏರುತ್ತದೆ. ಬರೆಯದೆ ಮುಚ್ಚಿಟ್ಟು ಅಪಘಾತವಾದರೆ ಕಂಪನಿ ಪರಿಹಾರವನ್ನು ನಿರಾಕರಿಸಬಹುದು, ಪಾಲಿಸಿಯನ್ನೇ ರದ್ದುಮಾಡಲೂ ಹೊರಡಬಹುದು. ಬ್ರಿಟನ್ನಿನಲ್ಲಿ, ಮಗನೇ ಬಹುಪಾಲು ಓಡಿಸುವ ಕಾರಿಗೆ ತಂದೆಯೇ ಮುಖ್ಯ ಚಾಲಕನೆಂದು ಬರೆಯುವುದು ವಂಚನೆ ಎನಿಸಿಕೊಳ್ಳುತ್ತದೆ.

ಈ ಕಟ್ಟುನಿಟ್ಟಿನ ಮೂಲ 1766ರ ಒಂದು ಇಂಗ್ಲಿಷ್ ಮೊಕದ್ದಮೆಯಲ್ಲಿದೆ. ಸುಮಾತ್ರಾ ದ್ವೀಪದ ಬೆಂಕೂಲೆನ್ ಕೋಟೆಯ ಗವರ್ನರನು, ಶತ್ರುಗಳು ಕೋಟೆಯನ್ನು ಹಿಡಿದರೆ ತನಗಾಗುವ ನಷ್ಟಕ್ಕೆ ವಿಮೆ ಮಾಡಿಸಿದ್ದನು. ಫ್ರೆಂಚರು ಕೋಟೆಯನ್ನು ಹಿಡಿದೇಬಿಟ್ಟರು. ಕೋಟೆ ದುರ್ಬಲವೆಂಬುದನ್ನು ಮುಚ್ಚಿಟ್ಟನೆಂದು ವಿಮೆಗಾರನು ಆಕ್ಷೇಪಿಸಿದನು. ವಿಮೆ ಎಂಬುದು ಪರಮ ವಿಶ್ವಾಸದ ಮೇಲೆ ನಿಂತ ಒಪ್ಪಂದ, ತಿಳಿದವನು ತಿಳಿಯದವನಿಗೆ ಹೇಳತಕ್ಕದ್ದು ಎಂಬ ಸೂತ್ರವನ್ನು ಲಾರ್ಡ್ ಮ್ಯಾನ್ಸ್‌ಫೀಲ್ಡ್ ಅಲ್ಲಿ ವಿಧಿಸಿದನು. ಸ್ವಾರಸ್ಯವೆಂದರೆ, ಗೆದ್ದವನು ಮಾತ್ರ ಗವರ್ನರನೇ! ತಾನೇ ವಿಚಾರಿಸಿ ತಿಳಿಯಬಹುದಾಗಿದ್ದುದನ್ನು ವಿಮೆಗಾರನು ವಿಚಾರಿಸಿರಲಿಲ್ಲ. ಸೂತ್ರವನ್ನು ಉದ್ಧರಿಸುವವರು ತೀರ್ಪಿನ ಈ ಅರ್ಧವನ್ನು ಮರೆಯುವುದುಂಟು.

ನಮ್ಮ ದೇಶದ ಖಾಸಗಿ ಕಾರಿನ ಪಾಲಿಸಿ ಮನೆಮಂದಿಯ ಪಟ್ಟಿಯನ್ನು ಬೇಡುವುದಿಲ್ಲ. ಅದರ ಚಾಲಕ ಷರತ್ತಿನ ಸಾರ ಇಷ್ಟೆ: ವಿಮೆ ಮಾಡಿಸಿದವನಾಗಲಿ, ಬೇರೆ ಯಾರೇ ಆಗಲಿ ಓಡಿಸಬಹುದು, ಆದರೆ ಅಪಘಾತದ ಹೊತ್ತಿಗೆ ಅವರಲ್ಲಿ ಊರ್ಜಿತದಲ್ಲಿರುವ ಲೈಸೆನ್ಸು ಇರಬೇಕು, ಅವರು ಅನರ್ಹರಾಗಿರಬಾರದು. ಕಲಿಯುವವರ ಲೈಸೆನ್ಸಿನವರೂ ಓಡಿಸಬಹುದು, ಪಕ್ಕದಲ್ಲಿ ಲೈಸೆನ್ಸುಳ್ಳವರು ಕುಳಿತು ಇತರ ನಿಯಮಗಳು ಪಾಲನೆಯಾದರೆ. ನಮ್ಮ ಮನೆಗಳ ರೀತಿಗೆ ಒಪ್ಪುವ ಉದಾರ ಷರತ್ತಿದು ಎಂದೇ ನನ್ನ ಅಭಿಪ್ರಾಯ. ಹಾಗೆಂದು ಅರ್ಜಿಯ ಪ್ರಶ್ನೆಗಳಿಗೆ ತೋಚಿದಂತೆ ಉತ್ತರಿಸಬಹುದೆಂದು ಅರ್ಥವಲ್ಲ. ಓಡಿಸುವವರ ದೃಷ್ಟಿ, ಶ್ರವಣ, ಹಿಂದಿನ ಅಪಘಾತಗಳನ್ನು ಕೇಳುವ ನಮೂನೆಗಳಿವೆ. ಸ್ವಂತ ಬಳಕೆಗೆಂದು ಬರೆದ ಕಾರನ್ನು ಮದುವೆಯ ದಿಬ್ಬಣಕ್ಕೆ ಬಾಡಿಗೆಗೆ ಬಿಟ್ಟರೆ ಅದು ಬೇರೆಯೇ ಮಾತಾಗುತ್ತದೆ. ಅರ್ಜಿಯನ್ನು ಏಜೆಂಟರು ತುಂಬಿದರೂ ಸಹಿ ನಮ್ಮದು. ಮುಖ್ಯ ಸಂಗತಿಯನ್ನು ಮುಚ್ಚಿಟ್ಟು ಪಡೆದ ಪಾಲಿಸಿ ಶೂನ್ಯವೆಂದು ವಾದಿಸಲು ಮೋಟಾರು ವಾಹನ ಕಾಯಿದೆ ಕಂಪನಿಗೆ ಅವಕಾಶ ಕೊಟ್ಟಿದೆ.

ಹೀಗೆ ಹೊರದೇಶದಲ್ಲಿ ಅರ್ಜಿಯ ದಿನವೇ ಏಳುವ ಪ್ರಶ್ನೆ ನಮ್ಮಲ್ಲಿ ಅಪಘಾತದ ದಿನ ಏಳುತ್ತದೆ. ಆನವಟ್ಟಿಯ ಹತ್ತಿರ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಕಾರು ಅಜ್ಜನ ಹೆಸರಿನಲ್ಲಿದೆ. ಅವರ ಲೈಸೆನ್ಸಿನ ಅವಧಿ ಮುಗಿದು ವರುಷವಾಗಿದೆ. ಐವತ್ತೈದು ದಾಟಿದವರು ಅದನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕೆಂಬುದು ಯಾರ ನೆನಪಿನಲ್ಲೂ ಇಲ್ಲ. ಹದಿನೇಳರ ಮೊಮ್ಮಗ ತೋಟದ ದಾರಿಯಲ್ಲಿ ಓಡಿಸುತ್ತ ಒಂದು ದಿನ ಡಾಂಬರು ರಸ್ತೆಗೂ ಬರುತ್ತಾನೆ. ಎದುರಿಗೆ ಸೈಕಲ್ಲಿನಲ್ಲಿ ಬರುತ್ತಿದ್ದ ಕೂಲಿಕಾರನ ಕಾಲು ಮುರಿಯುತ್ತದೆ.

ಗಾಯಗೊಂಡವನನ್ನು ಕಾನೂನು ಕೈಬಿಡುವುದಿಲ್ಲವೆಂಬುದು ಸಮಾಧಾನದ ಸಂಗತಿ. ಮೂರನೆಯವರಿಗಾಗುವ ಹಾನಿಗೆ ವಿಮೆ ನಮ್ಮಲ್ಲಿ 1946ರ ಜುಲೈ 1ರಿಂದ ಕಡ್ಡಾಯವಾಯಿತು. ಚಾಲಕನಿಗೆ ಲೈಸೆನ್ಸಿಲ್ಲವೆಂದಷ್ಟಕ್ಕೇ ಕಂಪನಿ ಪಾರಾಗದು, ಮಾಲೀಕನ ಉದ್ದೇಶಪೂರ್ವಕ ತಪ್ಪನ್ನೋ ಅಜಾಗ್ರತೆಯನ್ನೋ ಅದು ರುಜುವಾತುಪಡಿಸಬೇಕು ಎಂದು 2004ರಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ತೀರ್ಪಿತ್ತಿತು. ತಪ್ಪು ರುಜುವಾತಾದರೂ ಕಂಪನಿ ಮೊದಲು ಗಾಯಾಳುವಿಗೆ ಹಣ ತೆತ್ತು, ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂಬ ಆದೇಶಗಳು ಆ ಹಾದಿಯಲ್ಲಿ ಬಂದವು. 2020ರಲ್ಲಿ ಕರ್ನಾಟಕ ಹೈಕೋರ್ಟಿನ ಪೂರ್ಣಪೀಠವೂ ಈ ವಿಷಯವನ್ನು ವಿಸ್ತಾರವಾಗಿ ಪರಿಶೀಲಿಸಿ ಅದನ್ನೇ ಎತ್ತಿಹಿಡಿಯಿತು. ಕೂಲಿಕಾರನಿಗೆ ಪರಿಹಾರ ಸಿಕ್ಕಿತೆಂದು ಮನೆಯವರು ನೆಮ್ಮದಿಯಾಗಿರುವಾಗ, ವಸೂಲಾತಿಯ ನೋಟೀಸು ಅಜ್ಜನ ಹೆಸರಿಗೆ ಬರುತ್ತದೆ. ಆಗ ಹೊಣೆಗೆ ಬರುವುದು ಅಡಿಕೆ ತೋಟ. ಜೊತೆಗೆ 2019ರ ತಿದ್ದುಪಡಿಯಂತೆ, ಅಪ್ರಾಪ್ತವಯಸ್ಕನ ಅಪರಾಧಕ್ಕೆ ಪೋಷಕರೋ ಮಾಲೀಕರೋ 3 ವರ್ಷದವರೆಗಿನ ಸೆರೆವಾಸಕ್ಕೂ 25,000 ರೂಪಾಯಿ ದಂಡಕ್ಕೂ ಗುರಿಯಾಗಬಹುದು. ತಮಗೆ ತಿಳಿಯದೆ ನಡೆಯಿತೆಂದು ತೋರಿಸುವ ಭಾರವೂ ಅವರದೇ. ಕಾರಿನ ನೋಂದಣಿ 12 ತಿಂಗಳು ರದ್ದಾಗುತ್ತದೆ. ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸು ಇಲ್ಲ.

ಓಡಿಸಿದವನಿಗೇ ಅಪಾಯವಾದರೆ ಏನು? ಈ ಪ್ರಶ್ನೆಯನ್ನು ಮನೆಗಳಲ್ಲಿ ಕೇಳುವವರು ವಿರಳ. ಇಳಕಲ್–ಕುಷ್ಟಗಿ ಹೆದ್ದಾರಿಯಲ್ಲಿ ಒಬ್ಬರು ಇನ್ನೊಬ್ಬರಿಂದ ಎರವಲು ತಂದ ಮೋಟಾರ್ ಸೈಕಲ್ಲಿನಲ್ಲಿ ಹೋಗುತ್ತಿದ್ದಾಗ, ಮುಂದಿದ್ದ ಎತ್ತಿನ ಗಾಡಿಗೆ ತಾಗಿ ಪ್ರಾಣ ಕಳೆದುಕೊಂಡರು. ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಎರವಲು ಪಡೆದು ಓಡಿಸುವವನು ಮಾಲೀಕನ ಸ್ಥಾನದಲ್ಲೇ ನಿಲ್ಲುತ್ತಾನೆ. ಆದ್ದರಿಂದ ಯಾರ ತಪ್ಪೆಂದು ನೋಡದೆ ಪರಿಹಾರ ಕೊಡುತ್ತಿದ್ದ ಕಲಮಿನಡಿ ಅವನ ವಾರಸುದಾರರು ಆ ವಾಹನದ ಮಾಲೀಕನಿಂದಲೂ ಅದರ ವಿಮಾ ಕಂಪನಿಯಿಂದಲೂ ಕೇಳುವಂತಿಲ್ಲ ಎಂದು 2009ರಲ್ಲಿ ನ್ಯಾಯಾಲಯ ಹೇಳಿತು. ಪಾಲಿಸಿಯ ಜೊತೆಗೆ ಬರುವ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆಯಾದರೋ, ಲೈಸೆನ್ಸುಳ್ಳ ಮಾಲೀಕ-ಚಾಲಕನಿಗೆ ಮಾತ್ರ. ಕಾರು ಹೆಂಡತಿಯ ಹೆಸರಿನಲ್ಲಿದ್ದು ದಿನವೂ ಓಡಿಸುವವನು ಗಂಡನಾದರೆ ಆ ರಕ್ಷೆ ಅವನಿಗಿಲ್ಲ. ಅಂಥವರಿಗೆ ಬೇರೆ ಅಪಘಾತ ವಿಮೆ ಮಾಡಿಸುವುದೊಂದೇ ದಾರಿ.

ಇನ್ನೊಂದು ಮಾತು. ಯಜಮಾನರು ತೀರಿಕೊಂಡ ಮೇಲೆ ಜಮೀನಿನ ಪೌತಿ ಖಾತೆಗೆ ನಾಡಕಚೇರಿಗೆ ಓಡಾಡುವ ಮಕ್ಕಳು ಅಂಗಳದ ಕಾರನ್ನು ಮರೆಯುತ್ತಾರೆ. ಅದು ತೀರಿಹೋದವರ ಹೆಸರಿನಲ್ಲೇ ವರ್ಷಗಟ್ಟಲೆ ಓಡುತ್ತದೆ. ಪಾಲಿಸಿಯ ಷರತ್ತಿನಂತೆ, ವಿಮೆ ಮಾಡಿಸಿದವರು ತೀರಿಕೊಂಡರೆ ಅದು 3 ತಿಂಗಳು, ಅಥವಾ ಅವಧಿ ಅದಕ್ಕೂ ಮೊದಲೇ ಮುಗಿದರೆ ಅಲ್ಲಿಯವರೆಗೆ ಮಾತ್ರ, ವಾರಸುದಾರರಿಗಾಗಿ ಜೀವಂತವಾಗಿರುತ್ತದೆ. ಅಷ್ಟರೊಳಗೆ ಮರಣಪತ್ರದ ಒಂದು ಪ್ರತಿ ಸಾರಿಗೆ ಕಚೇರಿಗೂ ಇನ್ನೊಂದು ವಿಮಾ ಕಚೇರಿಗೂ ತಲುಪಬೇಕು. ನಾಡಕಚೇರಿಗೆ ಪ್ರತಿ ಮಾಡಿಸುವ ದಿನವೇ ಇನ್ನೆರಡನ್ನು ಹೆಚ್ಚಾಗಿ ಮಾಡಿಸಿದರಾಯಿತು.