ತಂತಿಗೆ ಹಚ್ಚಿದ ಕಿವಿ

2013ರ ಅಕ್ಟೋಬರ್ 30ರಂದು ವಾಷಿಂಗ್ಟನ್ ಪೋಸ್ಟ್ ಒಂದು ಕೈಬರಹದ ನಕ್ಷೆಯನ್ನು ಅಚ್ಚು ಹಾಕಿತು. ಅಮೆರಿಕದ ಗುಪ್ತಚರ ಸಂಸ್ಥೆ ಎನ್‌ಎಸ್‌ಎಯ ಕಡತಗಳಿಂದ ಎಡ್ವರ್ಡ್ ಸ್ನೋಡೆನ್ ಹೊರತಂದ ಹಾಳೆ ಅದು. ಎರಡು ಮೋಡಗಳು: ಒಂದು ಸಾರ್ವಜನಿಕ ಇಂಟರ್‌ನೆಟ್, ಇನ್ನೊಂದು ಗೂಗಲ್‌ನ ಒಳಜಾಲ. ನಡುವಿನ ಸರ್ವರ್‌ಗೆ ಬಾಣ ಎಳೆದು, ಎನ್‌ಕ್ರಿಪ್ಷನ್ (ಗೂಢಲಿಪಿ) ಹಾಕುವುದೂ ತೆಗೆಯುವುದೂ ಇಲ್ಲೇ ಎಂದು ಬರೆದು, ಪಕ್ಕದಲ್ಲೊಂದು ನಗುಮುಖ!

ನಗುವುದಕ್ಕೆ ಕಾರಣವಿತ್ತು. ನಮ್ಮ ಬ್ರೌಸರ್‌ನಿಂದ ಗೂಗಲ್‌ನ ಹೊಸ್ತಿಲವರೆಗೆ ಇಮೇಲ್ ಗೂಢಲಿಪಿಯಲ್ಲೇ ಹೋಗುತ್ತಿತ್ತು. ಹೊಸ್ತಿಲು ದಾಟಿದ ಮೇಲೆ ಒಂದು ಡೇಟಾ ಸೆಂಟರ್‌ನಿಂದ ಮತ್ತೊಂದಕ್ಕೆ ಫೈಬರ್ ಕೇಬಲ್‌ನಲ್ಲಿ ಬಯಲಾಗಿಯೇ ಓಡಾಡುತ್ತಿತ್ತು. ಮನೆಯೊಳಗೆ ಯಾರು ಬಂದಾರು ಎಂಬ ಧೈರ್ಯ. ಎನ್‌ಎಸ್‌ಎ ಮತ್ತು ಬ್ರಿಟನ್ನಿನ ಗುಪ್ತಚರ ಸಂಸ್ಥೆ ಜಿಸಿಎಚ್‌ಕ್ಯೂ ಕಿವಿ ಹಚ್ಚಿದ್ದು ಈ ಒಳದಾರಿಗೇ.

ಸ್ನೋಡೆನ್ ತಂದ ಕಡತಗಳು ಬಯಲಾದ ಮೇಲೆ ಗೂಗಲ್, ಯಾಹೂ ತಮ್ಮ ಒಳಕೇಬಲ್‌ಗಳಿಗೂ ಗೂಢಲಿಪಿ ತೊಡಿಸಿದವು. ಇಂಟರ್‌ನೆಟ್‌ನ ನಿಯಮ ರೂಪಿಸುವ ಐಇಟಿಎಫ್, ಸಗಟು ಕಣ್ಗಾವಲು ಕೂಡ ಜಾಲದ ಮೇಲಿನ ದಾಳಿಯೇ ಎಂದು 2014ರ ಮೇನಲ್ಲಿ ಬರೆದಿಟ್ಟಿತು. ಮರುವರ್ಷ 'ಲೆಟ್ಸ್ ಎನ್‌ಕ್ರಿಪ್ಟ್' ಎಂಬ ಸೇವೆ ಗೂಢಲಿಪಿಗೆ ಬೇಕಾದ ಸರ್ಟಿಫಿಕೇಟ್ ಪುಕ್ಕಟೆ ಕೊಡತೊಡಗಿ, ಸಣ್ಣಪುಟ್ಟ ಜಾಲತಾಣಗಳಿಗೂ ಗೂಢಲಿಪಿ ಎಟುಕಿತು.

ನನಗೆ ಹೆಚ್ಚು ಸೊಗಸಾಗಿ ಕಾಣುವುದು ಇನ್ನೊಂದು ಬದಲಾವಣೆ. ಹಳೆಯ ಒಂದು ವಿಧಾನದಲ್ಲಿ ಎಲ್ಲ ಸಂಪರ್ಕಗಳ ಗುಟ್ಟೂ ಸರ್ವರ್‌ನ ಒಂದೇ ಖಾಸಗಿ ಕೀಲಿಗೆ ಅಂಟಿಕೊಂಡಿತ್ತು. ಅರ್ಥವಾಗದಿದ್ದರೂ ಸರಿ, ಹರಿದದ್ದನ್ನೆಲ್ಲ ಇಂದು ಹಿಡಿದಿಟ್ಟುಕೊಂಡರೆ, ಎಂದಾದರೊಂದು ದಿನ ಕೀಲಿ ಸಿಕ್ಕಾಗ ಕೂತು ಓದಬಹುದು. ಗೂಢಲಿಪಿ ಸಂಪರ್ಕದ ನಿಯಮಾವಳಿಯ ಹೊಸ ಆವೃತ್ತಿಯಾಗಿ 2018ರಲ್ಲಿ ಬಂದ ಟಿಎಲ್‌ಎಸ್ 1.3 ಆ ವಿಧಾನವನ್ನೇ ಕಿತ್ತುಹಾಕಿತು. ಈಗ ಬ್ರೌಸರ್ ಮತ್ತು ಸರ್ವರ್ ತಲಾ ಒಂದು ಗುಟ್ಟಿನ ಸಂಖ್ಯೆ ಹುಟ್ಟಿಸಿಕೊಂಡು, ಅದರಿಂದ ಲೆಕ್ಕ ಹಾಕಿದ ಇನ್ನೊಂದು ಸಂಖ್ಯೆಯನ್ನಷ್ಟೇ ಕಳಿಸುತ್ತವೆ. ತಮ್ಮ ಗುಟ್ಟಿನ ಸಂಖ್ಯೆಗೆ ಎದುರಿನಿಂದ ಬಂದ ಸಂಖ್ಯೆಯನ್ನು ಬೆರೆಸಿ ಇಬ್ಬರೂ ಒಂದೇ ಕೀಲಿಗೆ ತಲುಪುತ್ತಾರೆ, ಆದರೆ ಆ ಕೀಲಿ ತಂತಿಯ ಮೇಲೆ ಹಾಯುವುದೇ ಇಲ್ಲ. ಡಿಫಿ ಮತ್ತು ಹೆಲ್‌ಮನ್ 1976ರಲ್ಲೇ ಪ್ರಕಟಿಸಿದ ಗಣಿತ ಇದು. ಕೆಲಸ ಮುಗಿದ ಮೇಲೆ ಆ ಗುಟ್ಟಿನ ಸಂಖ್ಯೆಗಳನ್ನೂ ಕೀಲಿಯನ್ನೂ ಅಳಿಸಿಬಿಟ್ಟರೆ, ಮುಂದೆ ಕದಿಯಲು ಏನೂ ಉಳಿಯುವುದಿಲ್ಲ.

ಹಾಗೆಂದು ಸರ್ಕಾರಗಳು ಕುರುಡಾದವು ಎನ್ನುವುದು ಉತ್ಪ್ರೇಕ್ಷೆ. ಕೇಬಲ್‌ನಲ್ಲಿ ಎಲ್ಲರದ್ದೂ ಬಾಚುವುದು ಕಷ್ಟವಾದರೂ, ಇಂಥವರ ಇಮೇಲ್ ಕೊಡಿ ಎಂದು ಕಾನೂನಿನ ಆದೇಶ ಹಿಡಿದು ಕಂಪನಿಯನ್ನೇ ಕೇಳುವ ದಾರಿ ತೆರೆದೇ ಇದೆ. ಜೊತೆಗೆ, ಸಂಪರ್ಕ ಶುರುವಾಗುವಾಗ ಬ್ರೌಸರ್ ತಾನು ಹುಡುಕುತ್ತಿರುವ ತಾಣದ ಹೆಸರನ್ನು ಸಾಮಾನ್ಯವಾಗಿ ಬಯಲಲ್ಲೇ ಹೇಳುತ್ತದೆ. ಈ ಹೆಸರನ್ನು ನೋಡಿಯೇ ಜಿಯೊ ಕೆಲವು ತಾಣಗಳನ್ನು ತಡೆಯುತ್ತಿದೆ ಎಂದು ಬೆಂಗಳೂರಿನ ಸೆಂಟರ್ ಫಾರ್ ಇಂಟರ್‌ನೆಟ್ ಅಂಡ್ ಸೊಸೈಟಿಯ ಸಂಶೋಧಕರು 2019ರಲ್ಲಿ ಪರೀಕ್ಷಿಸಿ ತೋರಿಸಿದರು. ಹೆಸರನ್ನೂ ಮುಚ್ಚುವ ತಂತ್ರ ಬಂದಿದೆ. ಅದಕ್ಕೆ ಬ್ರೌಸರ್, ಸರ್ವರ್ ಎರಡೂ ಒಪ್ಪಬೇಕು.