ಕಾಡ್ಗಿಚ್ಚಿನ ಮುನ್ಸೂಚನೆಗೆ ಗಣಕಯಂತ್ರದ ನಕ್ಷೆ

ಶರಣಸಿರಸಗಿಯಂತಹ ಎರೆಭೂಮಿಯ ಊರುಗಳಲ್ಲಿ ಕಾಡ್ಗಿಚ್ಚಿನ ಮಾತೆತ್ತಿದರೆ, ಅದು ಬಂಡೀಪುರದ ಕಡೆಯ ಸಂಗತಿ, ನಮಗೇಕೆ ಎನ್ನುವವರೇ ಹೆಚ್ಚು. ತೊಗರಿ, ಜೋಳ, ಕಡಲೆಯ ಹೊಲಗಳ ನಡುವೆ ಬದುಕುವವರಿಗೆ ಹಾಗೆ ಅನಿಸುವುದು ಸಹಜ. ಆದರೆ ಇದೇ ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನಲ್ಲಿ, ತೆಲಂಗಾಣದ ಗಡಿಗೆ ಹೊಂದಿಕೊಂಡು, ಎಲೆ ಉದುರುವ ಒಣ ಕಾಡು ಇದೆ. ಇದರ ಸುಮಾರು 134 ಚದರ ಕಿಲೋಮೀಟರ್ ಪ್ರದೇಶವು 2011ರಲ್ಲಿ ವನ್ಯಜೀವಿಧಾಮವಾಯಿತು. ಶಿವರಾತ್ರಿಯ ಹೊತ್ತಿಗೆ ಇಂತಹ ಕಾಡಿನ ನೆಲವೆಲ್ಲ ತರಗೆಲೆ ಹಾಗೂ ಒಣ ಹುಲ್ಲಿನಿಂದ ತುಂಬಿರುತ್ತದೆ. ಕಾಡಿನ ಅಂಚಿಗೆ ಹೊಲಗಳಿವೆ, ತಾಂಡಾಗಳಿವೆ, ದನಕರುಗಳಿವೆ. ಹೊಲದ ಬದುವಿನಲ್ಲಿ ಹಚ್ಚಿದ ಬೆಂಕಿಗೆ ಸರಹದ್ದಿನ ಕಲ್ಲು ಯಾವುದೆಂದು ತಿಳಿಯದು.

2019ರ ಫೆಬ್ರವರಿಯಲ್ಲಿ ಬಂಡೀಪುರಕ್ಕೆ ಬಿದ್ದ ಬೆಂಕಿ ಹಲವು ದಿನ ಉರಿದು ಸಾವಿರಾರು ಎಕರೆ ಕಾಡನ್ನು ಸುಟ್ಟಿತು. ಕೊನೆಗೆ ವಾಯುಪಡೆಯ ಹೆಲಿಕಾಪ್ಟರುಗಳಿಂದ ನೀರು ಸುರಿಸಬೇಕಾಯಿತು. ಬೆಂಕಿ ದೊಡ್ಡದಾದ ಮೇಲೆ ಆರಿಸುವುದು ಎಷ್ಟು ಕಷ್ಟವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಆದುದರಿಂದ ಬೆಂಕಿ ಎಲ್ಲಿ ಬೀಳಬಹುದು ಎಂಬುದನ್ನು ಮೊದಲೇ ಗುರುತಿಸುವ ವಿಧಾನಕ್ಕೆ ಈಗ ಮಹತ್ವ ಬಂದಿದೆ.

ನಕ್ಷೆ ತಯಾರಾಗುವ ಬಗೆ

ಈ ಕೆಲಸಕ್ಕೆ ಭೌಗೋಳಿಕ ಮಾಹಿತಿ ವ್ಯವಸ್ಥೆ ಎಂಬ ತಂತ್ರಾಂಶವನ್ನು ಬಳಸಲಾಗುತ್ತದೆ. ಹಿಂದೆ ಎಣ್ಣೆಕಾಗದದ ಮೇಲೆ ಬರೆದ ನಕ್ಷೆಗಳನ್ನು ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದು ನೋಡುತ್ತಿದ್ದರಲ್ಲ, ಅದೇ ಕೆಲಸವನ್ನು ಇಲ್ಲಿ ಗಣಕಯಂತ್ರ ಮಾಡುತ್ತದೆ. ಒಂದು ಪದರದಲ್ಲಿ ಕಾಡಿನ ಜಾತಿ ಮತ್ತು ದಟ್ಟಣೆ, ಇನ್ನೊಂದರಲ್ಲಿ ನೆಲದ ಇಳಿಜಾರು, ಮತ್ತೊಂದರಲ್ಲಿ ರಸ್ತೆ, ಕಾಲುದಾರಿ, ಊರು, ಹೊಲಗಳು ಇರುತ್ತವೆ. ಹಿಂದಿನ ವರ್ಷಗಳಲ್ಲಿ ಬೆಂಕಿ ಬಿದ್ದ ಸ್ಥಳಗಳು ಒಂದು ಪದರ. ಮಳೆ ಮತ್ತು ಉಷ್ಣಾಂಶ ಮತ್ತೊಂದು. ಪ್ರತಿಯೊಂದು ಪದರಕ್ಕೂ ಅದರ ಮಹತ್ವಕ್ಕೆ ತಕ್ಕಂತೆ ಅಂಕಗಳನ್ನು ಕೊಟ್ಟು ಕೂಡಿಸಿದಾಗ, ಹೆಚ್ಚು ಅಂಕ ಬಂದ ಜಾಗ ಕೆಂಪಾಗಿಯೂ ಕಡಿಮೆ ಬಂದುದು ಹಸಿರಾಗಿಯೂ ಕಾಣುವುದು.

ಇಳಿಜಾರಿಗೆ ಅಂಕ ಏಕೆ? ಏರು ನೆಲದಲ್ಲಿ ಜ್ವಾಲೆಯು ಮುಂದಿನ ಹುಲ್ಲಿಗೆ ಹತ್ತಿರವಾಗಿ ಅದನ್ನು ಮೊದಲೇ ಒಣಗಿಸುತ್ತದೆ. ಇಳಿಜಾರು 10 ಡಿಗ್ರಿ ಹೆಚ್ಚಿದರೆ ಬೆಂಕಿ ಏರುವ ವೇಗ ಸರಿಸುಮಾರು ಇಮ್ಮಡಿಯಾಗುವುದೆಂಬುದು ರೂಢಿಯ ಲೆಕ್ಕ. ಹಾಗಿದ್ದರೂ ನಮ್ಮ ಕಡೆ ರಸ್ತೆ ಮತ್ತು ಹೊಲಗಳ ಪದರಕ್ಕೇ ಹೆಚ್ಚು ಗಮನ ಕೊಡಬೇಕು. ನಮ್ಮ ದೇಶದಲ್ಲಿ ಕಾಡ್ಗಿಚ್ಚುಗಳ ಬಹುಪಾಲು ಮನುಷ್ಯರಿಂದಲೇ ಆಗುವಂಥವು.

ಒಂದು ಚುಕ್ಕೆ ಎಂದರೆ 35 ಎಕರೆ

ಬೆಂಕಿ ಹತ್ತಿದ ಮೇಲೆ ಅದನ್ನು ಕಾಣುವುದು ಉಪಗ್ರಹಗಳ ಕೆಲಸ. ಡೆಹ್ರಾಡೂನಿನ ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆಯು 2004ರಿಂದ ಇಂತಹ ಮಾಹಿತಿಯನ್ನು ರಾಜ್ಯಗಳಿಗೆ ಕಳುಹಿಸುತ್ತಿದೆ. ಉಪಗ್ರಹ ಕಂಡ ಬಿಸಿ ಚುಕ್ಕೆಗಳನ್ನು ಕಾಡಿನ ಎಲ್ಲೆಯ ನಕ್ಷೆಯ ಮೇಲಿಟ್ಟು, ಒಳಗೆ ಬಿದ್ದವುಗಳ ಬಗ್ಗೆ ಸಂಬಂಧಪಟ್ಟ ವಲಯದವರ ಮೊಬೈಲಿಗೆ ಸಂದೇಶ ಹೋಗುತ್ತದೆ. ಬಯಸಿದ ಸಾರ್ವಜನಿಕರೂ ಹೆಸರು ನೋಂದಾಯಿಸಿಕೊಳ್ಳಬಹುದು.

ಇಲ್ಲಿ ರೈತರು ತಿಳಿಯಬೇಕಾದ ಅಂಶವೊಂದಿದೆ. 2011ರಲ್ಲಿ ಹಾರಿಸಿದ ಸುವೋಮಿ ಉಪಗ್ರಹದ ವೀರ್ಸ್ ಉಪಕರಣವು ನೆಲವನ್ನು 375 ಮೀಟರ್ ಚೌಕಗಳಾಗಿ ನೋಡುತ್ತದೆ. ಲೆಕ್ಕ ಹಾಕಿದರೆ ಒಂದು ಚೌಕಕ್ಕೆ ಸುಮಾರು 14 ಹೆಕ್ಟೇರ್, ಅಂದರೆ 35 ಎಕರೆ. ಇದರೊಳಗೆ ಎಲ್ಲಿ ಬೆಂಕಿ ಇದ್ದರೂ ಚುಕ್ಕೆ ಬೀಳುವುದು ಚೌಕದ ನಡುವೆಯೇ. ಹೀಗಾಗಿ ಕಾಡಂಚಿನ ಹೊಲದಲ್ಲಿ ತೊಗರಿ ಕಟ್ಟಿಗೆ ಸುಟ್ಟರೂ ನಕ್ಷೆಯಲ್ಲಿ ಅದು ಕಾಡಿನ ಬೆಂಕಿಯಾಗಿ ತೋರಬಹುದು. ಕಾವಲುಗಾರನು ಅಲ್ಲಿಗೆ ಓಡಿ ಬರುವ ಹೊತ್ತಿಗೆ ನಿಜವಾದ ಬೆಂಕಿ ಇನ್ನೊಂದೆಡೆ ಹಬ್ಬಿರಬಹುದು.

ಮೇಲಾಗಿ ಈ ಉಪಗ್ರಹ ಒಂದು ಸ್ಥಳದ ಮೇಲೆ ಹಾಯುವುದು ಮಧ್ಯಾಹ್ನ ಸುಮಾರು ಒಂದೂವರೆಗೆ, ಮತ್ತೆ ರಾತ್ರಿ ಒಂದೂವರೆಗೆ. ಮೂರು ಗಂಟೆಗೆ ಹೊತ್ತಿದ್ದು ಅದಕ್ಕೆ ಕಾಣಲು ನಡುರಾತ್ರಿ ಕಳೆಯಬೇಕು. ಬೇರೆ ಉಪಗ್ರಹಗಳು ನಡುವೆ ಹಾಯುತ್ತವೆಯಾದರೂ, ಮೋಡ ಕವಿದರೆ ಅವೂ ಕುರುಡೇ. ಆದುದರಿಂದ ಹತ್ತಿರದ ಹೊಲದಲ್ಲಿರುವವನ ಕಣ್ಣಿಗೆ ಸಮನಾದ ಯಂತ್ರ ಇನ್ನೂ ಬಂದಿಲ್ಲ.

ರೈತರ ಪಾಲು

ಬೆಂಕಿ ಗಾಯರಾಣಕ್ಕೆ ಬಿದ್ದರೆ ಬೇಸಿಗೆಯ ಮೇವು ಹೋಯಿತು. ಕಣಿಕೆಯ ಬಣವೆಗೆ ತಗುಲಿದರೆ ಎತ್ತುಗಳ ಗತಿ ಏನೆಂದು ಹೇಳಬೇಕಿಲ್ಲ. ಶರಣಸಿರಸಗಿಯ ರೈತರಿಗೂ ಇದು ಅನ್ವಯಿಸುತ್ತದೆ. ತೊಗರಿ ರಾಶಿ ಮುಗಿದ ಮೇಲೆ ಹೊಟ್ಟನ್ನು ಮೇವಿಗೂ ಕಟ್ಟಿಗೆಯನ್ನು ಉರುವಲಿಗೂ ಇಟ್ಟುಕೊಂಡು, ಉಳಿದ ಕೂಳೆ ಮತ್ತು ಎಲೆಯನ್ನು ಗುಂಡಿಯಲ್ಲಿ ಸಗಣಿಯೊಂದಿಗೆ ಕೊಳೆಸುವುದು ಲೇಸು. ಸುಟ್ಟರೆ ಅದರಲ್ಲಿನ ಸಾರಜನಕ ಬಹುತೇಕ ಗಾಳಿಗೆ ಹೋಗುತ್ತದೆ. ಬಣವೆಯ ಸುತ್ತ ಹಾಗೂ ಗಾಯರಾಣಕ್ಕೆ ತಾಗಿದ ಬದುವಿನಗುಂಟ ಮೂರು ನಾಲ್ಕು ಮೀಟರ್ ಅಗಲ ಕುಂಟೆ ಹೊಡೆದು ಹುಲ್ಲು ತೆಗೆದಿಡಬೇಕು. ಹೊಗೆ ಕಂಡ ಕೂಡಲೇ 112 ಅಥವಾ 101ಕ್ಕೆ ಕರೆ ಮಾಡಿ, ಊರು, ಹತ್ತಿರದ ಹಳ್ಳ ಇಲ್ಲವೇ ಗುಡಿಯ ಗುರುತು ಮತ್ತು ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂಬುದನ್ನು ತಿಳಿಸಬೇಕು.