ಕ್ರೈಸ್ತಮತದಲ್ಲಿ ಎರಡು ಒಡಂಬಡಿಕೆಗಳ ಸಂಬಂಧ

ಲಿಂಗಸುಗೂರು ಸಿಂಧನೂರುಗಳ ನಡುವಣ ಮಸ್ಕಿಯಲ್ಲಿ 1915ರಲ್ಲಿ ದೊರೆತ ಶಾಸನದೊಳಗೆ ‘ದೇವಾನಂಪಿಯ’ ಎಂಬ ಬಿರುದಿನೊಡನೆ ಅಶೋಕನ ಹೆಸರೂ ಇರುವುದರಿಂದ, ಬಿರುದು ಮಾತ್ರವುಳ್ಳ ಅನ್ಯಶಾಸನಗಳು ಯಾರವೆಂಬುದು ದೃಢಪಟ್ಟಿತು; ಅವು ನಿರರ್ಥಕವಾಗಲಿಲ್ಲ. ಕ್ರೈಸ್ತರು ಹಳೆಯ ಒಡಂಬಡಿಕೆಯನ್ನು ಹೊಸದರ ಬೆಳಕಿನಲ್ಲಿ ಓದುವ ಕ್ರಮಕ್ಕೆ ಇದು ತಕ್ಕ ದೃಷ್ಟಾಂತವು.

ಸೀನಾಯಿಯಲ್ಲಿ ಮೋಶೆಯು ಪಶುರಕ್ತವನ್ನು ಪ್ರೋಕ್ಷಿಸಿ ಸ್ಥಿರಪಡಿಸಿದುದು ಹಳೆಯದು. ಕಡೆಯ ಭೋಜನದಲ್ಲಿ ಯೇಸುವು ಸ್ವರಕ್ತದಿಂದ ಸ್ಥಾಪಿತವೆಂದು ಸಾರಿದುದು ಹೊಸದು. ಧರ್ಮವಿಧಿಯು ಹೃದಯದಲ್ಲಿಯೇ ಲಿಖಿತವಾಗುವ ಹೊಸ ಒಡಂಬಡಿಕೆಯ ವಾಗ್ದಾನವಾದರೋ ಹಳೆಯ ಗ್ರಂಥದೊಳಗೇ, ಯೆರೆಮೀಯನ 31ನೆಯ ಅಧ್ಯಾಯದಲ್ಲಿ, ಇರುವುದು.

ಆದರೆ ದೃಷ್ಟಾಂತವು ಸರ್ವಾಂಶದಲ್ಲಿಯೂ ಒಪ್ಪದು. ಇಬ್ರಿಯರಿಗೆ ಬರೆದ ಪತ್ರಿಕೆಯು ಹಳೆಯದನ್ನು ಜೀರ್ಣವೆನ್ನುವುದು. ಮತ್ತಾಯನ ಸುವಾರ್ತೆಯಲ್ಲಿ ಯೇಸುವು ತಾನು ಧರ್ಮಶಾಸ್ತ್ರವನ್ನು ಅಳಿಸುವುದಕ್ಕಲ್ಲ, ನೆರವೇರಿಸುವುದಕ್ಕೆ ಬಂದವನೆನ್ನುವನು. ಈ ಎರಡು ವಚನಗಳಿಗೆ ವಿರೋಧವಿಲ್ಲ: ಕ್ರೈಸ್ತರ ಮತದಲ್ಲಿ ಪಶುಬಲಿಯ ವಿಧಿಯು ಮುಗಿಯಿತು, ವಾಗ್ದಾನವು ಉಳಿಯಿತು.